ಡಿ ಡ್ರೈವ್ ಎಲ್ಲಿ ಹೋಯ್ತು?

ಭಾಗ 1/10

ಹೋದ ತಿಂಗಳು ಒಂದು ಸ್ಟೋರಿ ಹಾಕಿದ್ದೆ, “ಡಿ ಡ್ರೈವ್ ಮತ್ತೆ ಮಾಯ” ಅಂತ. ಅದಕ್ಕೆ ಬಂದಷ್ಟು ಮೆಸೇಜು ನನ್ನ ಹುಟ್ಟುಹಬ್ಬಕ್ಕೂ ಬಂದಿರಲಿಲ್ಲ. ಅರ್ಧ ಜನ “ಸಿಕ್ತಾ?” ಅಂದ್ರಿ, ಇನ್ನರ್ಧ ಜನ “ನಂದೂ ಹಿಂಗೇ ಆಗ್ತಿದೆ ಗುರು, ಏನ್ ಮಾಡ್ದೆ ಹೇಳು” ಅಂದ್ರಿ. ಎಲ್ಲರಿಗೂ ಬೇರೆ ಬೇರೆ ಟೈಪ್ ಮಾಡೋದಕ್ಕಿಂತ ಹತ್ತು ಪೋಸ್ಟಲ್ಲಿ ಪೂರ್ತಿ ಬರೀತೀನಿ. ಉದ್ದ ಇದೆ. ಸೇವ್ ಮಾಡಿಟ್ಕೊಳ್ಳಿ, ಬಸ್ಸಲ್ಲಿ ಓದಿ. ಬಾಗಲೂರು ಕ್ರಾಸಿಂದ ಹೆಬ್ಬಾಳ ದಾಟೋ ಅಷ್ಟರಲ್ಲಿ ಆರಾಮಾಗಿ ಮುಗಿಯುತ್ತೆ.

ಈ ಫೋಟೋದಲ್ಲಿ ಎರಡು ಸ್ಕ್ರೀನ್‌ಶಾಟ್ ಇವೆ. ಎಡಗಡೆ ಬೆಳಗ್ಗೆ ಏಳು ಗಂಟೆದು: ಸಿ ಡ್ರೈವ್, ಡಿ ಡ್ರೈವ್ ಎರಡೂ ಇವೆ. ಬಲಗಡೆ ಅದೇ ದಿನ ಮಧ್ಯಾಹ್ನ ಮೂರೂವರೆದು: ಸಿ ಮಾತ್ರ. ನಾನು ಏನೂ ಡಿಲೀಟ್ ಮಾಡಿಲ್ಲ, ಏನನ್ನೂ ಕಿತ್ತಿಲ್ಲ. ಒಂದು ಫೈಲು, ಒಂದು ಫೋಲ್ಡರ್ ಕಾಣೆಯಾದ್ರೆ ಹುಡುಕಬಹುದು. ಇಲ್ಲಿ ಒಂದು ಟಿಬಿಯ ಡ್ರೈವೇ ಇಲ್ಲ. ಮನೆಯಲ್ಲಿ ಒಂದು ರೂಮಿನ ಬಾಗಿಲು ಇದ್ದ ಜಾಗದಲ್ಲಿ ಬರೀ ಗೋಡೆ ಕಂಡಂಗೆ.

ಕಂಪ್ಯೂಟರ್ ಬಂದು ಆಗ ಮೂರು ವಾರ. ಅಂಗಡಿಯವರೇ ಜೋಡಿಸಿ ಕೊಟ್ಟಿದ್ದು. ಒಳಗೆ ಎರಡು ಎಸ್‌ಎಸ್‌ಡಿ. ವಿಂಡೋಸ್ ಇರೋದು ಒಂದರಲ್ಲಿ, ಅದು ಸಿ. ನನ್ನ ಎಲ್ಲಾ ಕೆಲಸ ಇರೋದು ಇನ್ನೊಂದರಲ್ಲಿ, ಅದು ಡಿ. ಮಾಯ ಆಗ್ತಿದ್ದಿದ್ದು ಡಿ. ಮಾರನೇ ದಿನ ಬೆಳಗ್ಗೆ ಆನ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ವಾಪಸ್ ಬಂದಿರೋದು.

ಪೂರ್ತಿ ಸತ್ತುಹೋದ ಡ್ರೈವ್ ಒಂದು ರೀತಿ ವಾಸಿ, ಅದರ ಕಥೆ ಗೊತ್ತಾಗುತ್ತೆ. ಬಂದು ಹೋಗಿ ಮಾಡೋ ಡ್ರೈವ್ ಇದೆಯಲ್ಲ, ಅದು ವಾಪಸ್ ಬಂದಾಗಲೆಲ್ಲ “ಸರಿ ಹೋಯ್ತು ಬಿಡು” ಅನ್ನಿಸುತ್ತೆ. ನಿಜವಾದ ಅಪಾಯ ಇರೋದು ಆ “ಬಿಡು”ದಲ್ಲಿ.

—

ಭಾಗ 2/10

ಆ ಡ್ರೈವಲ್ಲಿ ಏನಿತ್ತು ಅಂತ ಹೇಳದೆ ಮುಂದೆ ಹೋದ್ರೆ ನಾನ್ಯಾಕೆ ಅಷ್ಟು ತಲೆಕೆಡಿಸ್ಕೊಂಡೆ ಅಂತ ನಿಮಗೆ ಗೊತ್ತಾಗಲ್ಲ.

ನಮ್ಮ ನಾಲ್ಕು ಜನರ ಪ್ರಾಜೆಕ್ಟ್ ಗೊತ್ತಲ್ಲ, ಹನ್ನೆರಡು ನಿಮಿಷದ ಡಾಕ್ಯುಮೆಂಟರಿ. ವಿಷಯ ನಮ್ಮ ಬಾಗಲೂರೇ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು. ಆಮೇಲೆ ಈ ಕಡೆ ಹೊಲ ಹೇಗೆ ಸೈಟ್ ಆಯ್ತು, ಸೈಟ್ ಹೇಗೆ ಬಿಲ್ಡಿಂಗ್ ಆಯ್ತು ಅಂತ. ಅದಕ್ಕೆ ನಮ್ಮ ತಾತನ ಹತ್ರ ಮಾತಾಡಿಸಿ ರೆಕಾರ್ಡ್ ಮಾಡ್ಕೊಂಡಿದ್ದೆ. ಒಟ್ಟು ಹನ್ನೊಂದು ಗಂಟೆ ಆಡಿಯೋ, ಸುಮಾರು ಆರು ಗಂಟೆ ವಿಡಿಯೋ.

ತಾತನ ತಲೆಯಲ್ಲಿ ಇರೋ ಮ್ಯಾಪೇ ಬೇರೆ. ಗೂಗಲ್ ಮ್ಯಾಪಲ್ಲಿ “ಮೂರನೇ ಕ್ರಾಸ್” ಅಂತ ಇರೋ ಕಡೆ ಅವರಿಗೆ ಕಣ ಕಾಣುತ್ತೆ. ಈಗ ಪಿಜಿ ಇರೋ ಜಾಗ “ಹುಣಸೆಮರದ ಹೊಲ”. ಎಲ್ಲಿ ರಾಗಿ, ಎಲ್ಲಿ ಅವರೆ, ಯಾವ ವರ್ಷ ದ್ರಾಕ್ಷಿ ಚಪ್ಪರ ಹಾಕಿದ್ದು, ಯಾವಾಗ ಬೋರ್ ಬತ್ತಿ ಅದನ್ನ ಕಿತ್ತಿದ್ದು, ಎಲ್ಲಾ ಇದೆ. ನಮ್ಮ ಈ ಭಾಗದ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್ ಬಂತು. ನಮ್ಮ ಮನೆ ಚಪ್ಪರ ಅದಕ್ಕಿಂತ ಮುಂಚೆನೇ ಹೋಗಿತ್ತು. ಇದನ್ನ ತಾತ ನಗ್ತಾ ಹೇಳೋ ಒಂದು ಕ್ಲಿಪ್ ಇದೆ.

ಈ ಜನವರಿಯಿಂದ ತಾತನಿಗೆ ಮಾತು ತುಂಬಾ ಕಡಿಮೆ ಆಗಿದೆ. ಎರಡು ಮೂರು ಪದ ಆದ್ಮೇಲೆ ನಿಲ್ಲಿಸಿಬಿಡ್ತಾರೆ. ಕೇಳಿದ್ರೆ ಕೈ ತೋರಿಸ್ತಾರೆ ಅಷ್ಟೇ. ಅಂದ್ರೆ ಇನ್ನೊಂದು ಸಲ ರೆಕಾರ್ಡ್ ಮಾಡೋ ಮಾತೇ ಇಲ್ಲ.

ಶೂಟ್ ಮಾಡಿದ್ದು ಅಣ್ಣನ ಫೋನಲ್ಲಿ. ಡಿ ಡ್ರೈವಿಗೆ ಹಾಕ್ಕೊಂಡ ವಾರದಲ್ಲೇ ಯಲಹಂಕದ ಬಸ್ಸಲ್ಲಿ ಆ ಫೋನ್ ಯಾರೋ ಎತ್ತಿದ್ರು. ಹಾಗಾಗಿ ಪ್ರಪಂಚದಲ್ಲಿ ಇದ್ದಿದ್ದು ಒಂದೇ ಕಾಪಿ. ಅದು ದಿನ ಬಿಟ್ಟು ದಿನ ಕಾಣೆ ಆಗ್ತಿತ್ತು.

—

ಭಾಗ 3/10

ರಿಪೇರಿಗಿಂತ ಮುಂಚೆ ಕಾಪಿ. ಈ ಸೀರೀಸಲ್ಲಿ ಒಂದೇ ಒಂದು ಪೋಸ್ಟ್ ಓದ್ತೀನಿ ಅಂದ್ರೆ ಇದನ್ನೇ ಓದಿ.

ಡ್ರೈವ್ ವಾಪಸ್ ಬಂದಾಗ ವಿಂಡೋಸ್ ಕೆಲವು ಸಲ “ಈ ಡಿಸ್ಕನ್ನ ಫಾರ್ಮ್ಯಾಟ್ ಮಾಡಬೇಕು” ಅಂತಲೋ “ಇನಿಶಿಯಲೈಸ್ ಮಾಡಿ” ಅಂತಲೋ ಕೇಳುತ್ತೆ. ತುಂಬಾ ಮರ್ಯಾದೆಯಿಂದ ಕೇಳುತ್ತೆ. ಕ್ಯಾನ್ಸಲ್ ಒತ್ತಿ. ಫಾರ್ಮ್ಯಾಟ್ ಅನ್ನೋದು ಹುಡುಕೋ ಬಟನ್ ಅಲ್ಲ. ಹಾಗೇ ಚೆಕ್‌ಡಿಸ್ಕ್ ಅನ್ನೋ ಕಮಾಂಡನ್ನೂ ಈಗಲೇ ಓಡಿಸಬೇಡಿ. ರಿಪೇರಿ ಆಯ್ಕೆ ಕೊಟ್ಟು ಓಡಿಸಿದ್ರೆ ಅದು ಡ್ರೈವಲ್ಲಿ ಬರೆಯುತ್ತೆ, ತಿದ್ದುತ್ತೆ. ಮಧ್ಯದಲ್ಲಿ ಡ್ರೈವ್ ಮಾಯವಾದ್ರೆ ಅರ್ಧ ತಿದ್ದಿದ ಲೆಕ್ಕಪುಸ್ತಕ ಉಳಿಯುತ್ತೆ.

ಅಂಗಡಿಗೆ ಫೋನ್ ಮಾಡಿದೆ. “ತಂದು ಬಿಟ್ಟು ಹೋಗಿ, ಫಾರ್ಮ್ಯಾಟ್ ಮಾಡಿ ನೋಡ್ತೀವಿ, ಇಲ್ಲಾಂದ್ರೆ ವಾರಂಟಿಲಿ ಹೊಸದು” ಅಂದ್ರು. ವಾರಂಟಿ ಡ್ರೈವಿಗೆ ಮಾತ್ರ, ಒಳಗಿರೋದಕ್ಕೆ ಯಾರೂ ವಾರಂಟಿ ಕೊಡಲ್ಲ. ಆದ್ದರಿಂದ ಬಿಟ್ಟು ಬರಲಿಲ್ಲ.

ಒಂದು ವಿಷಯ ಗಮನಿಸಿದ್ದೆ. ರಾತ್ರಿಯಿಡೀ ಆಫ್ ಇದ್ದು ಬೆಳಗ್ಗೆ ಆನ್ ಮಾಡಿದ್ರೆ ಮೊದಲ ಅರ್ಧ ಗಂಟೆ ಡ್ರೈವ್ ಗಟ್ಟಿಯಾಗಿ ಇರೋದು. ಅದೇ ನನ್ನ ಕಿಟಕಿ. ಚಿಕ್ಕಪ್ಪನ ಹಳೇ ಹಾರ್ಡ್‌ಡಿಸ್ಕ್ ಇಸ್ಕೊಂಡು ಬಂದೆ. ಪಾಪ ಅದರ ಸ್ಪೀಡು ಸೆಕೆಂಡಿಗೆ 30 ಎಂಬಿ. ಮೊದಲ ದಿನ ಐದೂವರೆಗೆ ಎದ್ದು ಮೊದಲು ಆಡಿಯೋ ತೆಗೆದೆ. ಹನ್ನೊಂದು ಗಂಟೆ ಮಾತು, ಬರೀ 600 ಎಂಬಿ ಚಿಲ್ಲರೆ. ಅರ್ಧ ನಿಮಿಷದಲ್ಲಿ ಬಂತು. ಮೊದಲು ತಾತನ ದನಿ, ಆಮೇಲೆ ಮುಖ. ಯಾವುದು ಮತ್ತೆ ಸಿಗಲ್ಲವೋ, ಯಾವುದು ಚಿಕ್ಕದೋ, ಅದು ಮೊದಲು.

ವಿಡಿಯೋ 140 ಜಿಬಿ ಮೇಲಿತ್ತು. ಮಾಮೂಲಿ ಕಾಪಿ ಪೇಸ್ಟ್ ಮಾಡಿದ್ರೆ ಮಧ್ಯದಲ್ಲಿ ನಿಂತಾಗ ಎಲ್ಲಿಗೆ ಬಂದಿತ್ತು ಅಂತ ಗೊತ್ತಾಗಲ್ಲ. ವಿಂಡೋಸಲ್ಲೇ ರೋಬೋಕಾಪಿ ಅಂತ ಕಮಾಂಡ್ ಇದೆ. ಆಗಲೇ ಬಂದಿರೋ ಫೈಲನ್ನ ಬಿಟ್ಟು ಉಳಿದಿದ್ದನ್ನ ಮಾತ್ರ ತರುತ್ತೆ. ಒಂದು ಎಚ್ಚರ: ಕಾಪಿ ಫೇಲ್ ಆದ್ರೆ ಅದು ತಾನಾಗೇ 30 ಸೆಕೆಂಡಿಗೊಂದು ಸಲ, ಹತ್ತು ಲಕ್ಷ ಸಲ ಪ್ರಯತ್ನ ಮಾಡುತ್ತೆ. ನಿಜವಾಗಲೂ ಹತ್ತು ಲಕ್ಷ. ಅದನ್ನ ಒಂದು ಅಂತ ಬದಲಾಯಿಸಿ ಓಡಿಸಿ. ಎರಡನೇ ದಿನ 28ನೇ ನಿಮಿಷಕ್ಕೆ ಡ್ರೈವ್ ಹೋಯ್ತು. ಮೂರನೇ ದಿನ ಬೆಳಗ್ಗೆ ಉಳಿದಿದ್ದು ಬಂತು.

—

ಭಾಗ 4/10

ಕಾಪಿ ಆದ್ಮೇಲೆ ಉಸಿರು ಬಂತು. ಈಗ ಪತ್ತೇದಾರಿ ಕೆಲಸ.

ಫೋಟೋದಲ್ಲಿ ಇರೋದು ನನ್ನ ರಫ್ ನೋಟ್‌ಬುಕ್ಕಿನ ಪುಟ. ಅಕ್ಷರಕ್ಕೆ ಬೈಬೇಡಿ. ನಾಲ್ಕು ಕಾಲಂ: ಯಾವಾಗ ಆನ್ ಮಾಡಿದೆ, ಯಾವಾಗ ಮಾಯ ಆಯ್ತು, ಆಗ ಏನ್ ಮಾಡ್ತಿದ್ದೆ, ಹೇಗೆ ವಾಪಸ್ ಬಂತು. ಹನ್ನೆರಡು ದಿನ, ಒಂಬತ್ತು ಸಲ.

ಬರೆದಿಡೋದು ಯಾಕಂದ್ರೆ, ಬಂದು ಹೋಗೋ ತೊಂದರೆಗೆ ಎಲ್ಲರ ಹತ್ರಾನೂ ಒಂದೊಂದು ಥಿಯರಿ ಇರುತ್ತೆ, ಎಲ್ಲಾನೂ ಒಂದು ದಿನ ನಿಜ ಅನ್ನಿಸುತ್ತೆ. ಬಂದ ಥಿಯರಿಗಳ ಪಟ್ಟಿ: ಒಬ್ಬ ವೈರಸ್ ಅಂದ. ಇನ್ನೊಬ್ಬಳು ವಿಂಡೋಸ್ ಅಪ್‌ಡೇಟ್ ಅಂದ್ಲು. ಅಣ್ಣ “ಡ್ರೈವೇ ಡೂಪ್ಲಿಕೇಟ್” ಅಂದ. ಯಲಹಂಕ ಏರ್‌ಫೋರ್ಸ್ ಸ್ಟೇಷನ್ನಿನ ಜೆಟ್ ಸದ್ದಿಗೆ ಒಳಗೆ ಅಲುಗಾಡಿರುತ್ತೆ ಅಂತಲೂ ಒಬ್ಬ ಕಾಮೆಂಟ್ ಹಾಕಿದ್ದ. ಮಗಾ, ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ. ಹಳೇ ಹಾರ್ಡ್‌ಡಿಸ್ಕಲ್ಲಿ ತಟ್ಟೆ ತಿರುಗುತ್ತೆ. 1956ರಲ್ಲಿ ಐಬಿಎಂ ಮಾಡಿದ ಮೊದಲ ಡಿಸ್ಕ್ ಡ್ರೈವಲ್ಲಿ 24 ಇಂಚಿನ 50 ತಟ್ಟೆ ಇದ್ವು, ಹಿಡೀತಿದ್ದಿದ್ದು 5 ಎಂಬಿ. ನಮ್ಮ ಒಂದು ಸೆಲ್ಫಿಗೆ ಸರಿ. ಎಸ್‌ಎಸ್‌ಡಿ ಒಳಗೆ ಇರೋದು ಫ್ಲ್ಯಾಶ್ ಚಿಪ್. ಅದರ ಹಿಂದಿರೋ ಹೆಸರು ಜಪಾನಿನ ತೋಷಿಬಾದಲ್ಲಿದ್ದ ಫುಜಿಯೋ ಮಸುವೋಕ, 1980ರ ದಶಕದ ಕೆಲಸ. ಅಲುಗಾಡೋಕೆ ಅಲ್ಲಿ ಏನೂ ಇಲ್ಲ.

ಅಪ್ಪನ ಥಿಯರಿ ಮಾತ್ರ ನನಗೂ ಹಿಡಿಸಿತ್ತು: “ಮೋಟರ್ ಹಾಕಿದಾಗ ಹೋಗುತ್ತೆ ನೋಡು.” ನಮ್ಮ ಬಿಲ್ಡಿಂಗಲ್ಲಿ ಸಂಪಿಂದ ಟ್ಯಾಂಕಿಗೆ ನೀರು ಏರಿಸೋವಾಗ ಲೈಟ್ ಒಂಚೂರು ಮಂಕಾಗುತ್ತೆ, ಎಲ್ಲರೂ ನೋಡಿದ್ದೀವಿ. ನೋಟ್‌ಬುಕ್ಕಲ್ಲಿ ಮೋಟರ್ ಟೈಮನ್ನೂ ಬರೆಯೋಕೆ ಶುರು ಮಾಡಿದೆ. ಮೋಟರ್ ಇದ್ದಾಗ ಎರಡು ಸಲ ಹೋಗಿತ್ತು. ಇಲ್ಲದಾಗ ಏಳು ಸಲ. ಪಕ್ಕದ ಮನೆಯವರ ಯುಪಿಎಸ್ ತಂದು ಹಾಕಿ ನೋಡಿದೆ, ಆಗಲೂ ಹೋಯ್ತು. ಅಪ್ಪನ ಥಿಯರಿ ಅಲ್ಲಿಗೆ ಬಿತ್ತು. ಅಪ್ಪ ಇನ್ನೂ ಒಪ್ಪಿಲ್ಲ.

—

ಭಾಗ 5/10

ಮುಂದಿನ ಪ್ರಶ್ನೆ: ಮಾಯ ಆಗ್ತಿರೋದು ಯಾರ ಕಣ್ಣಿಂದ?

ಕಂಪ್ಯೂಟರಲ್ಲಿ ಡ್ರೈವನ್ನ ನೋಡೋರು ಮೂರು ಜನ ಇದ್ದಾರೆ ಅಂದ್ಕೊಳ್ಳಿ. ಮೇಲೆ ಫೈಲ್ ಎಕ್ಸ್‌ಪ್ಲೋರರ್. ಅದರ ಕೆಳಗೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್. ಎಲ್ಲಕ್ಕಿಂತ ಕೆಳಗೆ ಬಯೋಸ್, ಅಂದ್ರೆ ವಿಂಡೋಸ್ ಏಳೋದಕ್ಕೂ ಮುಂಚೆ ಎದ್ದಿರೋ ಮದರ್‌ಬೋರ್ಡಿನ ಸ್ವಂತ ಪ್ರೋಗ್ರಾಂ.

ಎಕ್ಸ್‌ಪ್ಲೋರರಲ್ಲಿ ಇಲ್ಲ, ಆದ್ರೆ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಇದೆ ಅಂದ್ರೆ ಅಕ್ಷರ ಮಾತ್ರ ಬಿದ್ದುಹೋಗಿದೆ ಅಂತ. ರೈಟ್ ಕ್ಲಿಕ್ ಮಾಡಿ ಡಿ ಅಂತ ಮತ್ತೆ ಕೊಟ್ರೆ ಮುಗೀತು. ಡಿಸ್ಕ್ ಮ್ಯಾನೇಜ್‌ಮೆಂಟಲ್ಲೂ ಇಲ್ಲ, ಬಯೋಸಲ್ಲಿ ಇದೆ ಅಂದ್ರೆ ಡ್ರೈವರ್ ಅಥವಾ ವಿಂಡೋಸ್ ಕಡೆ ನೋಡಿ. ಬಯೋಸಿಗೂ ಕಾಣ್ತಿಲ್ಲ ಅಂದ್ರೆ ವಿಂಡೋಸನ್ನ ಬೈದು ಪ್ರಯೋಜನ ಇಲ್ಲ, ವಿಷಯ ಹಾರ್ಡ್‌ವೇರಿಗೆ ಬಂತು.

ನಂದು ಮೂರನೆಯದು. ಮಾಯ ಆದ ತಕ್ಷಣ ರೀಸ್ಟಾರ್ಟ್ ಮಾಡಿ ಬಯೋಸ್ ಒಳಗೆ ಹೋಗಿ ನೋಡಿದೆ. ಎರಡನೇ ಸ್ಲಾಟ್ ಮುಂದೆ “ಖಾಲಿ” ಅಂತ ಇತ್ತು. ಫೋಟೋ ಅದೇ. ಅಲ್ಲಿಗೆ ವೈರಸ್, ಅಪ್‌ಡೇಟ್ ಎರಡೂ ಥಿಯರಿ ಔಟ್.

ಈವೆಂಟ್ ವ್ಯೂವರ್ ಅಂತ ವಿಂಡೋಸಲ್ಲಿ ಒಂದು ಡೈರಿ ಇದೆ, ಯಾರೂ ಓದಲ್ಲ. ಸಿಸ್ಟಂ ಲಾಗ್ ತೆಗೆದು ಮಾಯ ಆದ ನಿಮಿಷಕ್ಕೆ ಹೋಗಿ. ನನಗೆ ಸಿಕ್ಕಿದ್ದು ಎರಡು ನಂಬರ್. 129 ಅಂದ್ರೆ “ಡ್ರೈವ್ ಉತ್ತರ ಕೊಡ್ತಿಲ್ಲ, ರೀಸೆಟ್ ಕಳಿಸಿದೆ”. ಸ್ವಲ್ಪ ಹೊತ್ತಿಗೆ 157, ಅಂದ್ರೆ “ಡಿಸ್ಕನ್ನ ಹೇಳದೆ ಕೇಳದೆ ಕಿತ್ತಿದ್ದಾರೆ”. ಯಾರೂ ಕಿತ್ತಿಲ್ಲ, ಆದ್ರೆ ವಿಂಡೋಸಿಗೆ ಕಂಡಿದ್ದು ಹಾಗೆ. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಅದೇ ನಿಜ ಆಗುತ್ತೆ.

—

ಭಾಗ 6/10

ಡ್ರೈವಿಗೇ ಹುಷಾರಿಲ್ವಾ ಅಂತ ನೋಡೋಕೆ ಸ್ಮಾರ್ಟ್ ಅನ್ನೋ ಆರೋಗ್ಯದ ಚೀಟಿ ಇದೆ. ಪ್ರತಿ ಡ್ರೈವೂ ತನ್ನ ಬಗ್ಗೆ ತಾನೇ ಬರ್ಕೊಂಡಿರುತ್ತೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಫ್ರೀ ಸಾಫ್ಟ್‌ವೇರ್ ತೋರಿಸುತ್ತೆ, ಲಿನಕ್ಸಲ್ಲಿ ಸ್ಮಾರ್ಟ್‌ಸಿಟಿಎಲ್.

ನನ್ನ ಚೀಟಿ: ಕ್ರಿಟಿಕಲ್ ವಾರ್ನಿಂಗ್ ಸೊನ್ನೆ. ಡೇಟಾ ಎರರ್ ಸೊನ್ನೆ. ಸವೆತ ಸೊನ್ನೆ ಪರ್ಸೆಂಟ್. ಒಂದು ಅಂಕಿ ಮಾತ್ರ ಏರ್ತಾ ಇತ್ತು: “ಅನ್‌ಸೇಫ್ ಶಟ್‌ಡೌನ್”, ಅಂದ್ರೆ ಹೇಳದೆ ಕರೆಂಟ್ ಹೋದ ಲೆಕ್ಕ. ಪ್ರತಿ ಸಲ ಮಾಯ ಆದ್ಮೇಲೂ ಅದು ಹೆಚ್ಚಾಗಿರೋದು. ಡ್ರೈವ್ ಹೇಳ್ತಿರೋದು ಇಷ್ಟು: “ನಾನು ಚೆನ್ನಾಗಿದ್ದೀನಿ, ನನ್ನ ಕೈ ಬಿಟ್ಟಿದ್ದು ನೀವು.”

ಕರೆಂಟ್ ಉಳಿಸೋ ಸೆಟ್ಟಿಂಗ್ ಮೇಲೂ ಅನುಮಾನ ಇತ್ತು. ಡ್ರೈವ್ ಸುಮ್ಮನಿದ್ದಾಗ ವಿಂಡೋಸ್ ಅದರ ಲಿಂಕನ್ನ ನಿದ್ದೆಗೆ ಕಳಿಸುತ್ತೆ, ಕೆಲವು ಡ್ರೈವ್ ಆ ನಿದ್ದೆಯಿಂದ ಏಳಲ್ಲ. ಪವರ್ ಆಪ್ಷನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಒಳಗೆ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಅಂತ ಇರುತ್ತೆ, ಆಫ್ ಮಾಡಿ ನೋಡಬಹುದು. ತುಂಬಾ ಜನಕ್ಕೆ ಇದೇ ಔಷಧಿ. ನನಗೆ ಮಾರನೇ ದಿನವೇ ಮತ್ತೆ ಹೋಯ್ತು. ಅದೂ ಸುಮ್ಮನಿದ್ದಾಗಲ್ಲ, ಎಡಿಟ್ ಮಾಡ್ತಿರೋವಾಗ.

ಆಮೇಲೆ ಬಿಸಿ. ಇಂಥ ಡ್ರೈವ್‌ಗಳಿಗೆ ಸಾಮಾನ್ಯವಾಗಿ 70 ಡಿಗ್ರಿವರೆಗೆ ಕೆಲಸ ಮಾಡಿ ಅಂತ ಹೇಳಿರ್ತಾರೆ. ನಂದು ಮಾಯ ಆಗೋ ಮುಂಚೆ ತೋರಿಸಿದ್ದು 52. ಏನೇನೂ ಅಲ್ಲ.

ಹಾಗಾದ್ರೆ ಬಿಸಿ ಅಲ್ಲ ಅಂತ ಬರೆದು ಹೊಡೆದು ಹಾಕೋದ್ರಲ್ಲಿದ್ದೆ. ಆಗ ನೋಟ್‌ಬುಕ್ಕಿನ ನಾಲ್ಕನೇ ಕಾಲಂ ನೋಡಿ ನಿಂತೆ.

—

ಭಾಗ 7/10

ನಾಲ್ಕನೇ ಕಾಲಂ: ಹೇಗೆ ವಾಪಸ್ ಬಂತು.

ರೀಸ್ಟಾರ್ಟ್ ಮಾಡಿದ್ರೆ ಬರಲಿಲ್ಲ. ಪೂರ್ತಿ ಆಫ್ ಮಾಡಿ, ಗೋಡೆ ಸ್ವಿಚ್ಚೂ ಆರಿಸಿ, ಹತ್ತು ಎಣಿಸಿ ಆನ್ ಮಾಡಿದ್ರೂ ಬರಲಿಲ್ಲ. ಅರ್ಧ ಗಂಟೆ ಆಫ್ ಇಟ್ಟು ಆನ್ ಮಾಡಿದ್ರೆ ಪ್ರತಿ ಸಲವೂ ಬಂತು.

ಇದರ ಅರ್ಥ ಏನು? ಡ್ರೈವಿನ ಒಳಗಿನ ಪ್ರೋಗ್ರಾಂ ಹ್ಯಾಂಗ್ ಆಗಿದ್ರೆ ಕರೆಂಟ್ ಪೂರ್ತಿ ಕಿತ್ತು ಹತ್ತು ಸೆಕೆಂಡ್ ಆದ್ರೆ ಸಾಕು, ಎದ್ದು ಕೂರಬೇಕು. ಫೋನ್ ಹ್ಯಾಂಗ್ ಆದಾಗ ಮಾಡ್ತೀವಲ್ಲ ಹಾಗೆ. ಇದಕ್ಕೆ ಕರೆಂಟ್ ಹೋಗೋದು ಸಾಕಾಗ್ತಿಲ್ಲ, ಅರ್ಧ ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಕ್ಯಾಬಿನೆಟ್ ಒಳಗೆ ಆಗೋ ಬದಲಾವಣೆ ಒಂದೇ, ಆರೋದು.

ಮತ್ತೆ ಮೊದಲ ಕಾಲಂ ನೋಡಿದೆ. ಒಂಬತ್ತರಲ್ಲಿ ಏಳು ಮಧ್ಯಾಹ್ನ ಎರಡರಿಂದ ಸಂಜೆ ಏಳರ ಒಳಗೆ. ಮಾರ್ಚ್ ತಿಂಗಳು, ಮೇಲ್ಛಾವಣಿ ಪಕ್ಕದ ರೂಮು, ರೋಡಿನ ಧೂಳಿಗೆ ಕಿಟಕಿ ಹಾಕಿರ್ತೀವಿ. ಉಳಿದ ಎರಡು ರಾತ್ರಿ, ಆದ್ರೆ ಎರಡೂ ಸಲ ಗೇಮ್ ಆಡ್ತಾ ಇದ್ದಾಗ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡೀತಿದ್ದಾಗ. ಡಿ ಡ್ರೈವ್ ಇರೋ ಎರಡನೇ ಸ್ಲಾಟ್ ಎಲ್ಲಿದೆ ಗೊತ್ತಾ? ಗ್ರಾಫಿಕ್ಸ್ ಕಾರ್ಡಿನ ನೇರ ಕೆಳಗೆ.

ಅಂದ್ರೆ ಬಿಸಿಯೇ, ಆದ್ರೆ ಡ್ರೈವ್ ಸುಟ್ಟುಹೋಗೋ ಬಿಸಿ ಅಲ್ಲ. 52 ಡಿಗ್ರಿಗೆ ಚಿಪ್ಪಿಗೆ ಏನೂ ಆಗಲ್ಲ. ಆದ್ರೆ ಲೋಹ, ಪ್ಲಾಸ್ಟಿಕ್, ಬೋರ್ಡು, ಇವೆಲ್ಲ ಬಿಸಿಗೆ ಒಂದೊಂದು ಲೆಕ್ಕದಲ್ಲಿ ಹಿಗ್ಗುತ್ತೆ. ಎಲ್ಲೋ ಏನೋ ಕೂದಲೆಳೆ ಅಂತರದಲ್ಲಿ ಅಂಟಿಕೊಂಡಿದೆ, ಬಿಸಿ ಆದಾಗ ಬಿಡ್ತಿದೆ. ಇದು ನನ್ನ ಥಿಯರಿ. ಅಪ್ಪನ ಮೋಟರ್ ಥಿಯರಿ ಥರ ಇದನ್ನೂ ಪರೀಕ್ಷೆ ಮಾಡಬೇಕಲ್ಲ.

—

ಭಾಗ 8/10

ಪರೀಕ್ಷೆ ಅಂದ್ರೆ ಅದಲು ಬದಲು. ಮೊದಲನೇ ಸ್ಲಾಟಿನ ಡ್ರೈವ್ ಎರಡನೆಯದಕ್ಕೆ, ಎರಡನೆಯದು ಮೊದಲನೆಯದಕ್ಕೆ. ತೊಂದರೆ ಡ್ರೈವ್ ಜೊತೆ ಹೋದ್ರೆ ಡ್ರೈವ್ ಕೆಟ್ಟಿದೆ. ತೊಂದರೆ ಸ್ಲಾಟಲ್ಲೇ ಉಳಿದ್ರೆ ಸ್ಲಾಟ್ ಕೆಟ್ಟಿದೆ. ಕೇಬಲ್, ಚಾರ್ಜರ್, ಇಯರ್‌ಫೋನ್, ಏನಕ್ಕಾದ್ರೂ ಈ ಒಂದು ಉಪಾಯ ಸಾಕು.

ಬಿಚ್ಚೋ ಮುಂಚೆ: ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ. ಕಾರ್ಪೆಟ್ ಮೇಲೆ ಕೂತು ಮಾಡಬೇಡಿ. ಹೊಸ ಪಿಸಿ ಆಗಿದ್ರೆ ಬಿಚ್ಚಿದ್ರೆ ವಾರಂಟಿ ಏನಾಗುತ್ತೆ ಅಂತ ಬಿಲ್ ಹಿಂದೆ ಓದಿ. ನಾನು ಅಂಗಡಿಗೆ ಕೇಳಿ, ಒಪ್ಪಿಗೆ ಮೆಸೇಜಲ್ಲಿ ತಗೊಂಡು ಬಿಚ್ಚಿದೆ.

ಬದಲಾಯಿಸಿ, ಬೇಕಂತಲೇ ಗೇಮ್ ಹಾಕಿ ಬಿಸಿ ಏರಿಸಿದೆ. ಐವತ್ತನೇ ನಿಮಿಷಕ್ಕೆ ನೀಲಿ ಪರದೆ! ಈ ಸಲ ಹೋಗಿದ್ದು ವಿಂಡೋಸ್ ಇರೋ ಡ್ರೈವು, ಅದೀಗ ಎರಡನೇ ಸ್ಲಾಟಲ್ಲಿತ್ತು. ನನ್ನ ಡಿ ಡ್ರೈವು ಮೊದಲನೇ ಸ್ಲಾಟಲ್ಲಿ ಆರಾಮಾಗಿತ್ತು. ನೀಲಿ ಪರದೆ ನೋಡಿ ಕುಣಿದಾಡಿದ್ದು ಅಮ್ಮನಿಗೆ ಅರ್ಥ ಆಗಲಿಲ್ಲ.

ಸರಿ, ಸ್ಲಾಟು. ಟಾರ್ಚ್ ಹಾಕಿ ಪಕ್ಕದಿಂದ ನೋಡಿದೆ. ಈ ಡ್ರೈವ್ 22 ಮಿಮೀ ಅಗಲ, 80 ಮಿಮೀ ಉದ್ದದ ಒಂದು ಪಟ್ಟಿ. ಒಂದು ತುದಿ ಸ್ಲಾಟಿಗೆ ಓರೆಯಾಗಿ ಹೋಗುತ್ತೆ. ಆಮೇಲೆ ಇನ್ನೊಂದು ತುದಿಯನ್ನ ಒತ್ತಿ ಮಲಗಿಸಿ, ಕೆಳಗಿರೋ ಪುಟ್ಟ ಹಿತ್ತಾಳೆ ಕಂಬಕ್ಕೆ ಸ್ಕ್ರೂ ಹಾಕ್ತಾರೆ. ಆ ಕಂಬಕ್ಕೆ ಸ್ಟ್ಯಾಂಡಾಫ್ ಅಂತಾರೆ. ಮೊದಲನೇ ಸ್ಲಾಟಲ್ಲಿ ಇತ್ತು. ಎರಡನೆಯದರಲ್ಲಿ ಇರಲೇ ಇಲ್ಲ. ಜೋಡಿಸಿದವರು ಡ್ರೈವನ್ನ ಸ್ಲಾಟಿಗೆ ತುರುಕಿ, ಮೇಲಿಂದ ಲೋಹದ ಹೀಟ್‌ಸಿಂಕ್ ಮುಚ್ಚಳ ಹಾಕಿ ಬಿಗಿದುಬಿಟ್ಟಿದ್ರು. ಆಸರೆ ಇಲ್ಲದ ತುದಿ ಕೆಳಗೆ ಬಗ್ಗಿ, ಪಟ್ಟಿ ಬಿಲ್ಲಿನ ಥರ ಆಗಿತ್ತು.

ಮೂರನೇ ಫೋಟೋ ಜೂಮ್ ಮಾಡಿ, ಬಾಗು ಕಾಣುತ್ತೆ.

—

ಭಾಗ 9/10

ಕಂಬ ಎಲ್ಲಿತ್ತು? ಮದರ್‌ಬೋರ್ಡಿನ ಡಬ್ಬಿಯಲ್ಲಿ, ಬಿಚ್ಚದ ಪುಟ್ಟ ಪ್ಲಾಸ್ಟಿಕ್ ಕವರಲ್ಲಿ, ಸ್ಕ್ರೂ ಜೊತೆ. ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ.

ಆ ಸ್ಲಾಟ್ ಒಳಗೆ 75 ಸ್ಥಾನಗಳಿವೆ, ಒಂದರಿಂದ ಒಂದಕ್ಕೆ ಅರ್ಧ ಮಿಲಿಮೀಟರ್. ಡೇಟಾ, ಕರೆಂಟ್, ಎಲ್ಲಾ ಅಲ್ಲೇ. ಪಟ್ಟಿಯ ಆ ತುದಿ ಕೆಳಗೆ ಬಗ್ಗಿದ್ರೆ ಈ ತುದಿ ಸ್ಲಾಟ್ ಒಳಗೆ ಓರೆ ಆಗುತ್ತೆ. ತಣ್ಣಗಿದ್ದಾಗ ಹೇಗೋ ಮುಟ್ಟಿಕೊಂಡಿರುತ್ತೆ. ಬಿಸಿ ಏರಿದಾಗ ಒಂದು ಪಿನ್ ಬಿಟ್ರೂ ಮುಗೀತು. ವಿಂಡೋಸ್ ಡೈರಿಯಲ್ಲಿ ಬರೆದಿದ್ದು ಸರಿಯೇ: ಹೇಳದೆ ಕೇಳದೆ ಕಿತ್ತಿದ್ದಾರೆ.

“ತೆಗೆದು ಹಾಕಿದ್ದಕ್ಕೆ ಸರಿ ಹೋಗಿರಬಹುದು, ಕಂಬಕ್ಕೇ ಅಂತ ಹೇಗೆ ಹೇಳ್ತೀಯ?” ಅಂತ ಕ್ಲಾಸಲ್ಲಿ ಒಬ್ಬ ಕೇಳಿದ. ಒಳ್ಳೇ ಪ್ರಶ್ನೆ. ಅದಲು ಬದಲು ಮಾಡಿದಾಗಲೇ ತೆಗೆದು ಹಾಕಿದ್ದಾಗಿತ್ತು. ಆದ್ರೂ ಅದೇ ಸ್ಲಾಟಲ್ಲಿ ಮತ್ತೆ ಹೋಯ್ತು. ಕಂಬ ಹಾಕಿದ್ಮೇಲೆ ಅದೇ ಗೇಮು, ಅದೇ ಮಧ್ಯಾಹ್ನ, ಸತತ ನಾಲ್ಕು ಗಂಟೆ ಓಡಿಸಿದೆ. ಹೋಗಲಿಲ್ಲ. ಇವತ್ತಿಗೆ ಐದು ವಾರ, ನೋಟ್‌ಬುಕ್ಕಲ್ಲಿ ಹೊಸ ಸಾಲಿಲ್ಲ. ಅಂಗಡಿಯವರಿಗೆ ಫೋಟೋ ಕಳಿಸಿದೆ. “ಓಕೆ ಬ್ರೋ” ಅಂತ ಬಂತು.

ನಿಮ್ಮದು ಬೇರೆ ಕಾರಣ ಇರಬಹುದು. ನಾನು ನೋಡೋ ಕ್ರಮ ಇದು:

◾ ಮೊದಲು ಕಾಪಿ. ಆಮೇಲೆ ಎಲ್ಲಾ.
◾ ಬಯೋಸಲ್ಲಿ ಕಾಣುತ್ತಾ ನೋಡಿ. ಅರ್ಧ ದಾರಿ ಅಲ್ಲೇ ಮುಗಿಯುತ್ತೆ.
◾ ಕೇಬಲ್ ಇರೋ ಸಾಟಾ ಡ್ರೈವ್ ಆದ್ರೆ ಸ್ಮಾರ್ಟ್ ಚೀಟಿಯಲ್ಲಿ 199ನೇ ಸಾಲು, ಸಿಆರ್‌ಸಿ ಎರರ್, ನೋಡಿ. ಏರ್ತಾ ಇದ್ರೆ ಮೊದಲು ಕೇಬಲ್ ಬದಲಾಯಿಸಿ, ಡ್ರೈವಲ್ಲ.
◾ ಹೊರಗಿನ ಯುಎಸ್‌ಬಿ ಡ್ರೈವ್ ಆದ್ರೆ ಬೇರೆ ಕೇಬಲ್, ಕ್ಯಾಬಿನೆಟ್ಟಿನ ಹಿಂದಿನ ಪೋರ್ಟ್, ಹಬ್ ಇಲ್ಲದೆ.
◾ ಸುಮ್ಮನಿದ್ದಾಗ ಮಾತ್ರ ಹೋದ್ರೆ ಪವರ್ ಸೆಟ್ಟಿಂಗ್.
◾ ಬಯೋಸ್ ಮತ್ತು ಡ್ರೈವಿನ ಫರ್ಮ್‌ವೇರ್ ಅಪ್‌ಡೇಟ್ ಇದ್ರೆ ಹಾಕಿ, ಕಾಪಿ ಆದ್ಮೇಲೆ ಮಾತ್ರ.
◾ ಬಯೋಸಲ್ಲಿ ಆ ಸ್ಲಾಟನ್ನ ಜೆನ್ 4ರಿಂದ ಜೆನ್ 3ಕ್ಕೆ ಇಳಿಸಿ ನೋಡಿ. ಸ್ಪೀಡ್ ಕಮ್ಮಿಯಾಗುತ್ತೆ, ಆದ್ರೆ ನಿಂತರೆ ಸುಳಿವು ಸಿಕ್ತು.
◾ ಅದಲು ಬದಲು.
◾ ಸ್ಕ್ರೂ, ಕಂಬ, ಬಾಗು. ಟಾರ್ಚ್ ಹಾಕಿ ಪಕ್ಕದಿಂದ.

—

ಭಾಗ 10/10

ಕೊನೆಯದು. ಇದು ಡ್ರೈವ್ ಬಗ್ಗೆ ಅಲ್ಲ.

ಹೆಬ್ಬಾಳದಲ್ಲಿ 2018ರಲ್ಲಿ ಒಂದು ಕಲ್ಲು ಸಿಕ್ತು ಗೊತ್ತಲ್ಲ, ಕಿಟ್ಟಯ್ಯ ಅನ್ನೋ ವೀರನ ಶಾಸನ. ಗಂಗರ ಕಾಲ, ಸುಮಾರು ಕ್ರಿ.ಶ. 750. ನಾವು ದಿನಾ ಟ್ರಾಫಿಕಲ್ಲಿ ನಿಲ್ಲೋ ಜಾಗದ ಹತ್ರ ಅಷ್ಟು ಹಳೇ ಹೆಸರು ಮಣ್ಣಲ್ಲಿತ್ತು. ಇದನ್ನ ಹೇಳಿದ್ರೆ ಎಲ್ಲರೂ “ನೋಡು, ಕಲ್ಲು ಉಳೀತು, ನಿನ್ನ ಎಸ್‌ಎಸ್‌ಡಿ ಮೂರು ವಾರಕ್ಕೆ ಹೋಯ್ತು” ಅಂತಾರೆ. ಆದ್ರೆ ಕಲ್ಲೂ ಉಳಿಯಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ, 1905ರಲ್ಲಿ, ಬೆಂಗಳೂರು ಜಿಲ್ಲೆಯ ಶಾಸನಗಳನ್ನ ಅಚ್ಚು ಹಾಕಿಸಿದ್ರು. ಆ ಪುಸ್ತಕದಲ್ಲಿರೋ ಎಷ್ಟೋ ಕಲ್ಲು ಈಗ ಇಲ್ಲ. ರೋಡಿಗೆ, ಪಾಯಕ್ಕೆ, ಲೇಔಟಿಗೆ ಹೋಗಿವೆ. ಕಲ್ಲು ಹೋದ ಕಡೆ ಅದರ ಮಾತು ಉಳಿದಿದ್ದು ಯಾರೋ ಕಾಪಿ ಮಾಡಿ ಇನ್ನೊಂದು ಕಡೆ ಇಟ್ಟಿದ್ದಕ್ಕೆ. ಮಿಥಿಕ್ ಸೊಸೈಟಿಯವರು ಈಗ ಉಳಿದ ಕಲ್ಲುಗಳನ್ನ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡ್ತಿದ್ದಾರೆ. ಅದೂ ಕಾಪಿಯೇ.

ಫೋಟೋ ಮಾಡೋರ ನಡುವೆ 3-2-1 ಅಂತ ಒಂದು ಲೆಕ್ಕ ಇದೆ. ಮೂರು ಕಾಪಿ, ಎರಡು ಥರದ ಜಾಗದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ತಾತನ ಹನ್ನೊಂದು ಗಂಟೆ ಈಗ ಡಿ ಡ್ರೈವಲ್ಲಿದೆ, ಕ್ಲೌಡಲ್ಲಿದೆ, ವಿಜಯಪುರದ ಅತ್ತೆ ಮನೆ ಬೀರುವಿನಲ್ಲಿ ಒಂದು ಹಾರ್ಡ್‌ಡಿಸ್ಕಲ್ಲಿದೆ. ಕಾಪಿ ಆದ್ಮೇಲೆ ತೆರೆದು ನೋಡಿದ್ದೀನಿ. ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ ಅಷ್ಟೇ.

ಹೋದ ಭಾನುವಾರ ತಾತನ ಪಕ್ಕ ಕೂತು ಹೊಲಗಳ ಹೆಸರಿನ ಆಡಿಯೋ ಹಾಕಿದೆ. ತಮ್ಮದೇ ದನಿ ಕೇಳ್ತಾ ತಲೆ ಆಡಿಸ್ತಿದ್ರು. ಒಂದು ಕಡೆ ತಡೆದು ಕೈ ಎತ್ತಿದ್ರು. ರೆಕಾರ್ಡಿಂಗಲ್ಲಿ ಎರಡು ಹೊಲದ ಹೆಸರು ಹಿಂದೆ ಮುಂದೆ ಆಗಿತ್ತಂತೆ. ಬೆರಳಲ್ಲಿ ಹಾಸಿಗೆ ಮೇಲೆ ಗೀಟು ಹಾಕಿ ತೋರಿಸಿದ್ರು, ಇದು ಈ ಕಡೆ, ಅದು ಆ ಕಡೆ. ಬರ್ಕೊಂಡೆ. ಮೂರೂ ಕಾಪಿಯಲ್ಲಿ ಆ ಚೀಟಿಯ ಫೋಟೋ ಸೇರಿಸಿದ್ದೀನಿ.

ನಿಮ್ಮ ಮನೆಯಲ್ಲೂ ಒಬ್ಬರು ಇರ್ತಾರೆ, ಅವರ ದನಿ ಒಂದೇ ಒಂದು ಫೋನಲ್ಲಿ ಇರುತ್ತೆ. ಈ ಪೋಸ್ಟಿಗೆ ಲೈಕ್ ಆಮೇಲೆ ಹಾಕಿ. ಮೊದಲು ಅದನ್ನ ಇನ್ನೊಂದು ಕಡೆ ಕಾಪಿ ಮಾಡಿ, ಆದ್ಮೇಲೆ ಕಾಮೆಂಟಲ್ಲಿ “ಆಯ್ತು” ಅಂತ ಹಾಕಿ. ಎಷ್ಟು ಜನ ಅಂತ ಎಣಿಸ್ತೀನಿ. ಡೌಟ್ ಇದ್ರೆ ಮೆಸೇಜ್ ಮಾಡಿ, ಭಾನುವಾರ ಕೂತು ಉತ್ತರ ಕೊಡ್ತೀನಿ.

#ಬಾಗಲೂರು #ಡಿಡ್ರೈವ್ #ಮೊದಲುಕಾಪಿ #ತಾತನಹೊಲ #ಕನ್ನಡಟೆಕ್